ಕೆರೆಯ ಕೊಡಗಿ: ಊರ ಕಾರ್ಯವನ್ನು ಹೊತ್ತವರ ಪೋಷಣೆಯನ್ನು ಕುರಿತು

ಊರಿನ ಕಷ್ಟವನ್ನು ತನ್ನದೆಂದು ಹೊತ್ತು ದುಡಿಯುವವನ ಹೊಟ್ಟೆಬಟ್ಟೆಯನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆ ಈಚೆಗೆ ಹೊಸ ರೂಪದಲ್ಲಿ ನಮ್ಮ ಮುಂದೆ ಬಂದಿದೆ. ಹಳ್ಳಿಯ ನೀರು, ಶಾಲೆ, ಆರೋಗ್ಯ ಮೊದಲಾದ ಕಾರ್ಯಗಳಿಗೆ ಮುಂದಾಳಾಗಿ ನಿಂತವರನ್ನು ಆರಿಸಿ, ಅವರು ನಿಶ್ಚಿಂತೆಯಿಂದ ಆ ಕೆಲಸವನ್ನೇ ಮಾಡಿಕೊಂಡಿರಲೆಂದು ಕೆಲವು ವರ್ಷಗಳ ಮಟ್ಟಿಗೆ ಸಹಾಯವೇತನವನ್ನು ಕೊಡುವ ಪದ್ಧತಿ ಬೆಳೆದಿದೆ. ಇದಕ್ಕೆ ಫೆಲೋಷಿಪ್ಪೆಂದು ಹೆಸರು. ೧೯೮೦ರಲ್ಲಿ ಅಮೆರಿಕದ ಬಿಲ್ ಡ್ರೇಟನ್ನರು ಸ್ಥಾಪಿಸಿದ ಅಶೋಕ ಸಂಸ್ಥೆಯು ಇಂಥ ಸಹಾಯವನ್ನು ಭಾರತದಲ್ಲಿಯೇ ಮೊದಲು ಆರಂಭಿಸಿತು. ಮುಂಬಯಿಯ ಉಪಾಧ್ಯಾಯಿನಿ ಗ್ಲೋರಿಯಾ ಡಿಸೋಜ ಅವರು ಅದನ್ನು ಪಡೆದವರಲ್ಲಿ ಮೊದಲಿಗರು. ಆ ಮೇಲೆ ಸರ್ಕಾರವೂ ಖಾಸಗಿ ಸಂಸ್ಥೆಗಳೂ ಇದೇ ದಾರಿಯನ್ನು ಹಿಡಿದಿವೆ. ಇದು ಹೊರಗಿನಿಂದ ಬಂದ ಹೊಸ ಕಲ್ಪನೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುವಂತೆ ತೋರುತ್ತದೆ. ಹೆಸರು ಹೊಸದಿರಬಹುದು. ಅದರ ಹಿಂದಿರುವ ಪ್ರಶ್ನೆಯನ್ನು ಮಾತ್ರ ಕನ್ನಡವು ಸಾವಿರ ವರ್ಷಗಳಿಂದ ವಿಚಾರಿಸುತ್ತ ಬಂದಿದೆ. ಶಾಸನದಲ್ಲಿ ಒಂದು ಬಗೆಯ ಉತ್ತರವನ್ನೂ, ಜನಪದದ ಕಥೆಯಲ್ಲಿ ಇನ್ನೊಂದನ್ನೂ, ಕಾವ್ಯದಲ್ಲಿ ಮತ್ತೊಂದನ್ನೂ ಕೊಟ್ಟಿದೆ. ಈ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೧

ವಿಚಾರಕ್ಕೆ ಒಂದು ನೆಲೆ ಬೇಕಾದುದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದೆ. ಇವು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. ಆದರೆ ಆ ಜಿಲ್ಲೆ ಹುಟ್ಟಿದ್ದು ೧೯೯೭ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟ ತಾಲ್ಲೂಕು. ಆದಕಾರಣ ಇಲ್ಲಿಯ ಶಾಸನಗಳನ್ನು ಓದಬೇಕೆನ್ನುವವರು ಬಿ. ಎಲ್. ರೈಸರ ಎಪಿಗ್ರಾಫಿಯ ಕರ್ನಾಟಿಕದ ಎರಡು ಸಂಪುಟಗಳನ್ನು ತೆರೆಯಬೇಕಾಗುತ್ತದೆ: ಹೊನ್ನಾಳಿ ಚನ್ನಗಿರಿಗಳಿಗೆ ಏಳನೆಯದು, ಜಗಳೂರಿಗೆ ಹನ್ನೊಂದನೆಯದು.

ನೆಲದ ಗುಣದಲ್ಲಿಯೂ ಇವು ಒಂದೇ ತೆರನಲ್ಲ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತದೆ. ಚನ್ನಗಿರಿಯು ಮಲೆನಾಡಿನ ಸೆರಗು. ಅಲ್ಲಿ ಹರಿದ್ರಾ ಎಂಬ ಹೊಳೆಯನ್ನು ಎರಡು ಗುಡ್ಡಗಳ ನಡುವೆ ತಡೆದು ಕಟ್ಟಿದ ಸೂಳೆಕೆರೆ ಇದೆ. ನ್ಯಾಮತಿಯ ಬೆಳಗುತ್ತಿಯು ಹಿಂದೆ ಸಿಂದರೆಂಬ ಮಾಂಡಲಿಕರ ರಾಜಧಾನಿಯಾಗಿತ್ತು. ಜಗಳೂರಾದರೋ ಬಯಲುಸೀಮೆಯ ಬರದ ನಾಡು. ತುಂಗಭದ್ರೆಯ ನೀರನ್ನು ಎತ್ತಿ ತಂದು ಅಲ್ಲಿಯ ೫೭ ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಈ ಕಾಲದಲ್ಲಿ ಕೈಕೊಳ್ಳಬೇಕಾಯಿತೆಂಬುದೊಂದೇ ಅಲ್ಲಿಯ ಸ್ಥಿತಿಯನ್ನು ಹೇಳುತ್ತದೆ. ಹೀಗೆ ನೀರು ಹೆಚ್ಚಿರುವ ಊರಿಗೂ ಇಲ್ಲದ ಊರಿಗೂ ಇಲ್ಲಿ ಕೆರೆಯೇ ಜೀವ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು, ಈ ಸಂಸ್ಥಾನದಲ್ಲಿ ಹೊಸದೊಂದು ಕೆರೆಗೆ ತಕ್ಕ ಸ್ಥಳವನ್ನು ಹುಡುಕಬೇಕಾದರೆ ಸಾಕಷ್ಟು ಜಾಣತನ ಬೇಕಾದೀತೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾರೆ. ಇಷ್ಟು ಕೆರೆಗಳನ್ನು ಕಟ್ಟಿದವರಾರು, ಕಟ್ಟಿದ ಮೇಲೆ ಕಾಯ್ದವರಾರು, ಅವರಿಗೆ ದೊರೆತುದೇನು?

೨

ಮೊದಲು ಶಾಸನವನ್ನು ನೋಡೋಣ. ದತ್ತಿಯ ಶಾಸನಗಳನ್ನು ನಾವು ರಾಜವಂಶಗಳ ಕಾಲನಿರ್ಣಯಕ್ಕಾಗಿ ಓದುತ್ತೇವೆ. ಭಾಷೆಯ ಹಳೆಯ ರೂಪಗಳಿಗಾಗಿ ಓದುತ್ತೇವೆ. ಅಲ್ಲಲ್ಲಿ ಕಂದ ವೃತ್ತಗಳಿದ್ದರೆ ಕಾವ್ಯವೆಂದೂ ಓದುತ್ತೇವೆ. ಅವುಗಳ ನಡುವಣ ಒಣ ಗದ್ಯವನ್ನು ಬಿಟ್ಟುಬಿಡುವುದು ರೂಢಿ. ಆದರೆ ಬಿತ್ತುವಟ್ಟ, ದಶವಂದ, ಕೊಡಗಿ, ಕಟ್ಟುಕೊಡಗಿ ಎಂಬ ಮಾತುಗಳು ಬರುವುದು ಆ ಒಣ ಗದ್ಯದಲ್ಲಿಯೇ. ಕೆರೆಯ ಕೆಳಗಿನ ಗದ್ದೆಯಲ್ಲಿ ಅಥವಾ ಅದರ ಉತ್ಪನ್ನದಲ್ಲಿ ಇಷ್ಟು ಪಾಲು ಕೆರೆಯ ಪೋಷಣೆಗೆಂದು ಬಿಟ್ಟುದು ಬಿತ್ತುವಟ್ಟ. ಕೆರೆಯನ್ನು ಕಟ್ಟಿದವನಿಗೆ ಇಲ್ಲವೆ ಒಡೆದುದನ್ನು ಸರಿಮಾಡಿದವನಿಗೆ ತೆರಿಗೆಯಿಲ್ಲದೆಯೋ ಕಡಮೆ ತೆರಿಗೆಗೋ ಕೊಟ್ಟ ಭೂಮಿಗೆ ದಶವಂದವೆಂದೂ ಕೊಡಗಿಯೆಂದೂ ಹೆಸರು. ಹೂಳನ್ನು ಸಾಗಿಸುವ ಬಂಡಿಗೂ ಕೋಣಕ್ಕೂ ಭೂಮಿಯನ್ನು ಬಿಟ್ಟ ಶಾಸನಗಳೂ ಕನ್ನಡನಾಡಿನಲ್ಲಿ ಉಂಟು.

ಈ ವ್ಯವಸ್ಥೆಯಲ್ಲಿ ಮೂರು ಗುಣಗಳು ಎದ್ದು ಕಾಣುತ್ತವೆ. ಒಂದನೆಯದು, ಕೂಲಿಯು ಕಾರ್ಯದ ಫಲದಿಂದಲೇ ಹುಟ್ಟುತ್ತದೆ. ಕೊಡಗಿಯ ಗದ್ದೆ ಇರುವುದು ಆ ಕೆರೆಯ ಕೆಳಗೆಯೇ. ಕೆರೆ ಬತ್ತಿದರೆ ಕೊಡಗಿಯೂ ಬತ್ತುತ್ತದೆ. ಆದಕಾರಣ ಕೆಲಸವನ್ನು ಹೊತ್ತವನ ಹಿತವೂ ಊರಿನ ಹಿತವೂ ಒಂದೇ ಏರಿಯ ಮೇಲೆ ನಿಂತಿರುತ್ತವೆ. ಎರಡನೆಯದು, ಮಾತು ಬಹಿರಂಗವಾದುದು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಭೂಮಿ, ಅದರ ಎಲ್ಲೆ ಯಾವುದು, ಸಾಕ್ಷಿಗಳು ಯಾರು ಎಂಬುದನ್ನೆಲ್ಲ ಊರವರ ಭಾಷೆಯಲ್ಲಿ, ಊರವರು ನಡೆದಾಡುವ ಸ್ಥಳದಲ್ಲಿ ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸಿರುತ್ತದೆ. ಮೂರನೆಯದು ನಮ್ಮ ವಿಮರ್ಶೆಗೆ ಬಹು ಮುಖ್ಯವಾದುದು. ಶಾಸನಗಳ ಕೊನೆಯಲ್ಲಿ ಬರುವ ಶಾಪಶ್ಲೋಕಗಳನ್ನು ನಾವು ಕೇವಲ ಸಂಪ್ರದಾಯವೆಂದು ಎಣಿಸಿ ಮುಂದೆ ಸಾಗುತ್ತೇವೆ. ಆ ಶ್ಲೋಕಗಳಲ್ಲಿ ಒಂದರ ತಾತ್ಪರ್ಯವೇನೆಂದರೆ, ದಾನ ಪಾಲನೆಗಳೆರಡರಲ್ಲಿ ದಾನಕ್ಕಿಂತಲೂ ಪಾಲನೆಯೇ ಮೇಲು ಎಂಬುದು. ಕೊಟ್ಟವನ ಕೀರ್ತಿಗಾಗಿಯೇ ಬರೆಯಿಸಿದ ಲೇಖವು ತನ್ನ ಕೊನೆಯಲ್ಲಿ, ಕೊಟ್ಟವನಿಗಿಂತ ಉಳಿಸಿಕೊಂಡು ಬರುವವನು ದೊಡ್ಡವನೆಂದು ಒಪ್ಪುತ್ತದೆ. ಸಾಹಿತ್ಯದಲ್ಲಿ ಇಂಥ ವಿನಯ ಅಪರೂಪ.

ಹಾಗೆಂದು ಶಾಸನವನ್ನು ಹೊಗಳಿ ಮುಗಿಸುವಂತಿಲ್ಲ. ಅದು ಯಾರ ಹೆಸರನ್ನು ಹೇಳುತ್ತದೆ, ಯಾರದನ್ನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು. ಈ ಪ್ರದೇಶಕ್ಕೆ ನೆರೆಯಾದ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬ ಕಾಕುಸ್ಥವರ್ಮನು ಕೆರೆಯನ್ನು ತೋಡಿಸಿದುದನ್ನು ಹೇಳುತ್ತದೆ; ಅದನ್ನು ರಚಿಸಿದ ಕವಿ ಕುಬ್ಜನು ತನ್ನ ಹೆಸರನ್ನೂ ಹೇಳಿಕೊಂಡಿದ್ದಾನೆ. ದೊರೆಯೂ ಉಳಿದ, ಕವಿಯೂ ಉಳಿದ. ಗುದ್ದಲಿ ಹಿಡಿದವರು ಉಳಿಯಲಿಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಬರೆಯಿಸಿದ ೧೩೬೯ರ ಸಂಸ್ಕೃತ ಶಾಸನವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಉತ್ತಮವಾದ ಕೆರೆಗೆ ಹನ್ನೆರಡು ಅಂಗಗಳನ್ನು ಅದು ಎಣಿಸುತ್ತದೆ. ಮೊದಲನೆಯದು ಧರ್ಮಿಷ್ಠನಾದ ದೊರೆ, ಕೊನೆಯದು ಕಟ್ಟುವ ವಿದ್ಯೆಯನ್ನು ಬಲ್ಲ ಕೆಲಸಗಾರರ ತಂಡ. ಎರಡು ವರ್ಷಗಳ ಕಾಲ ದಿನಕ್ಕೆ ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ದುಡಿದುವೆಂದೂ ಹೇಳುತ್ತದೆ. ಆದರೂ ಆ ಸಾವಿರ ಜನರು ಸಂಖ್ಯೆಯಾಗಿದ್ದಾರೆಯೇ ಹೊರತು ಹೆಸರಾಗಿಲ್ಲ.

೩

ಶಾಸನವು ಬಿಟ್ಟುದನ್ನು ಕಥೆಯು ಹಿಡಿದುಕೊಳ್ಳುತ್ತದೆ. ಸೂಳೆಕೆರೆಯ ಐತಿಹ್ಯವನ್ನು ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಸಂಗ್ರಹವಾಗಿ ಕೊಟ್ಟಿದ್ದಾರೆ. ಊರುಗಳಲ್ಲಿ ಅದಕ್ಕೆ ಪಾಠಾಂತರಗಳೂ ಇವೆ. ದೊರೆಯ ಮಗಳೊಬ್ಬಳು ಲೋಕದ ಕಣ್ಣಿಗೆ ತಪ್ಪೆಂದು ತೋರಿದ ಪ್ರಣಯಕ್ಕೆ ಪ್ರಾಯಶ್ಚಿತ್ತವಾಗಿ ಕೆರೆಯೊಂದನ್ನು ಕಟ್ಟಿಸಲು ಸಂಕಲ್ಪಿಸಿದಳು. ನೀರು ನಿಲ್ಲಬೇಕಾದ ಸ್ಥಳದಲ್ಲಿ ವೇಶ್ಯೆಯರ ನೆಲವೂ ಸೇರಿತ್ತು. ಕೆರೆಗೆ ತಮ್ಮ ಹೆಸರನ್ನಿಟ್ಟರೆ ಮಾತ್ರ ಬಿಟ್ಟುಕೊಡುವೆವೆಂದು ಅವರು ಕರಾರು ಮಾಡಿದರು, ಹಾಗೆಯೇ ಆಯಿತು. ರಾಜಪುತ್ರಿಯ ಹೆಸರು ಶಾಂತವ್ವೆಯೆಂದು ಜನರು ಹೇಳುತ್ತಾರೆ. ಇದು ಇತಿಹಾಸವಲ್ಲ, ಐತಿಹ್ಯ. ಆದರೆ ಐತಿಹ್ಯಕ್ಕೂ ಒಂದು ನ್ಯಾಯಬುದ್ಧಿ ಇರುತ್ತದೆ. ಅದನ್ನು ವಿಮರ್ಶಕನು ಗಮನಿಸಬೇಕು.

ಈ ಕಥೆಯ ನ್ಯಾಯವು ಶಾಸನದ ನ್ಯಾಯವೇ. ಒಬ್ಬರು ಸಾರ್ವಜನಿಕ ಕಾರ್ಯಕ್ಕೆ ತಮ್ಮದನ್ನು ಬಿಟ್ಟುಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಏನಾದರೂ ಸಲ್ಲಬೇಕು. ಈ ಹೆಂಗಸರಿಗೆ ಭೂಮಿ ಬೇಕಾಗಿರಲಿಲ್ಲ, ಇದ್ದ ಭೂಮಿಯನ್ನೇ ಕೊಟ್ಟಿದ್ದರು. ಸಮಾಜವು ಅವರಿಗೆ ಕೊಡದೆ ಇಟ್ಟುಕೊಂಡಿದ್ದುದು ಗೌರವ. ಅದನ್ನೇ ಅವರು ಕೇಳಿದರು. ಆ ಹೆಸರೇ ಅವರ ಕೊಡಗಿ. ಕೆರೆಯು ಇರುವ ತನಕ, ಅದರ ನೀರನ್ನು ಕುಡಿಯುವವರು ತಮ್ಮ ಬಾಯಿಂದ ತೆರಬೇಕಾದ ಕೊಡಗಿ ಅದು.

ಈ ಕೆರೆಗೆ ಈಗ ಶಾಂತಿಸಾಗರವೆಂಬ ಹೆಸರು ಬಂದಿದೆ. ಕಿವಿಗೆ ಇಂಪಾದ ಹೆಸರು. ಮಕ್ಕಳ ಮುಂದೆ ಸಂಕೋಚವಿಲ್ಲದೆ ಹೇಳಬಹುದಾದ ಹೆಸರು. ಹಳೆಯ ಹೆಸರಿನ ಮೊದಲ ಪದವು ಇಂದು ಬೈಗುಳವಾಗಿರುವುದರಿಂದ ಅದನ್ನು ಬದಲಾಯಿಸಿದವರ ಉದ್ದೇಶವು ಸದುದ್ದೇಶವೇ ಆಗಿದ್ದೀತು. ಆದರೆ ಕಥೆಯ ಲೆಕ್ಕದಲ್ಲಿ ಆದುದೇನು? ಕಟ್ಟಿಸಿದ ರಾಜಪುತ್ರಿಯ ಹೆಸರು ಉಳಿಯಿತು. ನೆಲವನ್ನು ಬಿಟ್ಟವರ ಹೆಸರು ಅಳಿಯಿತು. ದತ್ತವಾದುದನ್ನು ಅಪಹರಿಸಿದವನಿಗೆ ಶಾಸನಗಳು ಏನೇನು ಪಾಪವನ್ನು ವಿಧಿಸುತ್ತವೆಯೆಂಬುದನ್ನು ಬಲ್ಲ ವಿದ್ವಾಂಸರಾದರೂ ಇದನ್ನು ಯೋಚಿಸಬೇಕಾಗಿತ್ತು. ಊರವರು ಮಾತಿನಲ್ಲಿ ಸೂಳೆಕೆರೆಯೆಂದೇ ಇನ್ನೂ ಕರೆಯುತ್ತಿರುವುದರಿಂದ ಕರಾರು ಪೂರ್ತಿಯಾಗಿ ಮುರಿದಿಲ್ಲ. ದಾನಕ್ಕಿಂತ ಪಾಲನೆ ಮೇಲೆಂಬ ಶಾಸನವಾಕ್ಯವನ್ನು ಇಲ್ಲಿ ಆಚರಣೆಯಲ್ಲಿಟ್ಟವರು ವಿದ್ವಾಂಸರಲ್ಲ, ಪಾಮರರು.

೪

ಇನ್ನು ನಮ್ಮ ಶಾಲೆಗಳಲ್ಲೆಲ್ಲ ಪಾಠವಾಗುವ ಕೆರೆಗೆ ಹಾರ ಎಂಬ ಕಥನಗೀತ. ಇದು ಈ ನಾಲ್ಕು ತಾಲ್ಲೂಕುಗಳದಲ್ಲ. ಇದರ ಭಾಷೆ ಉತ್ತರದ ಕಡೆಯದು. ಆದರೆ ಕೆರೆಯಿರುವ ಊರುಗಳಲ್ಲೆಲ್ಲ ಅದು ತನ್ನದಾಗಿ ಕೇಳುತ್ತದೆ. ಮಲ್ಲನಗೌಡನು ಕೆರೆಯನ್ನು ಕಟ್ಟಿಸುತ್ತಾನೆ, ನೀರು ಬಾರದು; ಸೊಸೆಯನ್ನು ಬಲಿಕೊಡಬೇಕೆಂದು ಜೋಯಿಸರ ಮಾತಾಗುತ್ತದೆ; ಹಿರಿಯ ಸೊಸೆಯನ್ನು ಬಿಟ್ಟು ಕಿರಿಯಳಾದ ಭಾಗೀರಥಿಯನ್ನು ಗೊತ್ತುಮಾಡುತ್ತಾರೆ. ಅವಳು ತವರಿಗೆ ಹೋಗಿ ಬರುತ್ತಾಳೆ. ಕೊನೆಗೆ ಕೆರೆಯಲ್ಲಿ ಪೂಜೆ ಮುಗಿಸಿ, ಮರೆತು ಬಂದ ಬಂಗಾರದ ಪಾತ್ರೆಗೆಂದು ಮರಳಿ ಇಳಿದಾಗ ಮೆಟ್ಟಲು ಮೆಟ್ಟಲಾಗಿ ನೀರೇರಿ ಮುಳುಗುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯನು ಬಂದು, ಸಂಗತಿಯನ್ನು ತಿಳಿದು, ಅದೇ ಕೆರೆಗೆ ಹಾರಿಕೊಳ್ಳುತ್ತಾನೆ.

ಇದನ್ನು ತ್ಯಾಗದ ಕಥೆಯೆಂದು ಕಲಿಸುವ ಪರಿಪಾಟಿ ಬೆಳೆದಿದೆ. ಊರಿಗಾಗಿ ಪ್ರಾಣವನ್ನು ಕೊಟ್ಟ ಸಾಧ್ವಿಯೆಂದು ಮಕ್ಕಳಿಂದ ಬರೆಯಿಸುತ್ತೇವೆ. ಗೀತವನ್ನು ಎಚ್ಚರದಿಂದ ಓದಿದರೆ ಈ ವ್ಯಾಖ್ಯಾನ ನಿಲ್ಲುವುದಿಲ್ಲ. ಭಾಗೀರಥಿಯು ತಾನಾಗಿ ಮುಂದೆ ಬಂದವಳಲ್ಲ, ಆರಿಸಲ್ಪಟ್ಟವಳು. ಆರಿಸಿದುದೂ ಅವಳ ಯೋಗ್ಯತೆಯನ್ನು ಕಂಡಲ್ಲ, ಮನೆಯಲ್ಲಿ ಅವಳ ಸ್ಥಾನ ಕಿರಿದಾದುದರಿಂದ. ಅವಳೊಡನೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಅವಳ ಸಾವಿಗೆ ಪ್ರತಿಯಾಗಿ ಗೌಡನು ಯಾವ ಕೊಡಗಿಯನ್ನೂ ಬಿಡುವುದಿಲ್ಲ. ಗಂಡನಿಗೆ ನಿಜವನ್ನು ಕೂಡ ಹೇಳುವುದಿಲ್ಲ. ಊರನ್ನು ಕಾಯಲು ಹೋಗಿ ಮಡಿದ ವೀರನ ಮನೆಯವರಿಗೆ ನೆತ್ತರುಗೊಡಗೆಯನ್ನು ಬಿಡುವುದು ಈ ನಾಡಿನ ಧರ್ಮವಾಗಿತ್ತೆಂಬುದಕ್ಕೆ ವೀರಗಲ್ಲುಗಳೇ ಸಾಕ್ಷಿ. ಕತ್ತಿಗೆ ಬಿದ್ದ ರಕ್ತಕ್ಕೆ ಬೆಲೆಯುಂಟು, ಕೆರೆಗೆ ಬಿದ್ದ ಪ್ರಾಣಕ್ಕೆ ಇಲ್ಲ. ಈ ಅಂತರವನ್ನು ಗೀತವು ಬಲ್ಲುದು. ಆದಕಾರಣವೇ ಅದು ನೀರು ತುಂಬಿದಲ್ಲಿಗೆ ಮುಗಿಯುವುದಿಲ್ಲ. ದಂಡಿನ ಆಳಾದ ಮಾದೇವರಾಯನನ್ನು, ಎಂದರೆ ಸತ್ತರೆ ಕೊಡಗಿಗೆ ಅರ್ಹನಾಗಬಹುದಾಗಿದ್ದವನನ್ನು, ಅದೇ ನೀರಿಗೆ ಹಾರಿಸುತ್ತದೆ. ಗೌಡನಿಗೆ ಕೆರೆ ದೊರೆಯಿತು, ಮಗನು ಹೋದ. ಇದು ತ್ಯಾಗದ ಸ್ತುತಿಯಲ್ಲ. ಊರ ಕಾರ್ಯದ ಭಾರವನ್ನು ಬಲವಿಲ್ಲದವರ ಮೇಲೆ ಹೊರಿಸಿ ಏನನ್ನೂ ಕೊಡದಿದ್ದವರ ಮೇಲೆ ಕೊಟ್ಟ ತೀರ್ಪು.

ಹೀಗೆ ಓದುವುದರಿಂದ ಗೀತದ ಕರುಣರಸಕ್ಕೆ ಕುಂದು ಬಾರದು. ತ್ಯಾಗವೆಂದು ಓದಿದರೆ ಕಣ್ಣೀರು ಬಂದು ಸಮಾಧಾನವಾಗುತ್ತದೆ. ತೀರ್ಪೆಂದು ಓದಿದರೆ ಸಮಾಧಾನವಾಗುವುದಿಲ್ಲ. ಎರಡನೆಯದೇ ಗೀತಕ್ಕೆ ಹತ್ತಿರವೆಂದು ನಮ್ಮ ಅಭಿಪ್ರಾಯ.

೫

ಮೂರನೆಯ ಉತ್ತರವು ಕಾವ್ಯದ್ದು. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನು ಕೆರೆಯನ್ನು ಕಟ್ಟಿಸಿದವನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಊರಿನ ಮುಂದಾಳೆಂಬ ಮಾತಿಗೆ ಅವನಷ್ಟು ಒಪ್ಪುವವರು ಕಡಮೆ. ರಾಘವಾಂಕನು ಷಟ್ಪದಿಯಲ್ಲಿ ಅವನ ಚರಿತ್ರೆಯನ್ನು ಬರೆದು ಆ ಕರ್ಮಯೋಗವನ್ನು ಕೊಂಡಾಡಿದ್ದಾನೆ. ಶೂನ್ಯಸಂಪಾದನೆಯಲ್ಲಾದರೋ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು ಅವನನ್ನು ಒಡ್ಡನೆಂದು ಹಳಿಯುತ್ತಾನೆ. ಕೆಲಸದವರು ಸಿಟ್ಟಾಗಿ ಅಲ್ಲಮನ ಮೇಲೆ ಕಲ್ಲನ್ನು ತೂರುತ್ತಾರೆ. ಈ ಪ್ರಸಂಗವನ್ನು ಜ್ಞಾನ ಕರ್ಮಗಳ ವಾದವೆಂದು ವ್ಯಾಖ್ಯಾನಿಸುವುದುಂಟು. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ಕೆರೆ ಗುಡಿಗಳನ್ನು ಕಟ್ಟಿಸುವವನಿಗೆ ನಾನು ಕಟ್ಟಿಸಿದೆನೆಂಬ ಭಾವವು ಅಂಟಿಕೊಳ್ಳುವ ಭಯವಿದೆ. ಪೋಷಣೆ ದೊರೆತ ಮುಂದಾಳು ಆ ಪೋಷಣೆಗೇ ಕಟ್ಟುಬೀಳಬಹುದು, ಊರಿಗಿಂತ ತನ್ನ ಕೀರ್ತಿಯೇ ದೊಡ್ಡದಾಗಬಹುದು. ಅಲ್ಲಮನು ಕೆಡಹುವುದು ಕೆರೆಯನ್ನಲ್ಲ, ಈ ಭಾವವನ್ನು.

ಬೈಗುಳವಾಗಿ ಬಂದ ಮಾತಿನ ಗತಿಯನ್ನೂ ನೋಡಬೇಕು. ಒಡ್ಡುಗಳನ್ನು ಕಟ್ಟಿ, ಕಲ್ಲು ಮಣ್ಣುಗಳ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಭೋವಿ ಸಮುದಾಯದವರು ಸಿದ್ಧರಾಮನನ್ನೇ ತಮ್ಮ ಗುರುವೆಂದು ಸ್ವೀಕರಿಸಿದ್ದಾರೆ. ಜಗಳೂರಿಗೆ ಸಮೀಪದ ಚಿತ್ರದುರ್ಗದಲ್ಲಿ ಅವರ ಗುರುಪೀಠವು ಅವನ ಹೆಸರಿನಲ್ಲಿದೆ. ಪೋರುಮಾಮಿಳ್ಳದ ಶಾಸನದಲ್ಲಿ ಸಂಖ್ಯೆಯಾಗಿ ಉಳಿದವರ ಬಳಗವು ಕಾವ್ಯದ ಪಾತ್ರವೊಂದರಲ್ಲಿ ತನ್ನ ಹೆಸರನ್ನು ಹೀಗೆ ತಾನೇ ಸಂಪಾದಿಸಿಕೊಂಡಿತು.

೬

ಕೊಡಗಿಯ ವ್ಯವಸ್ಥೆಯು ಈಗ ಇಲ್ಲ. ಅದು ವಂಶಪಾರಂಪರ್ಯವಾದುದೇ ಅದರ ಕೇಡಿಗೆ ಕಾರಣವಾಯಿತೆನ್ನಬೇಕು. ತಂದೆಯು ಕೆರೆಯನ್ನು ಕಾಯ್ದು ಭೂಮಿಯನ್ನುಂಡ. ಮೊಮ್ಮಗನು ಕಾಯುವುದನ್ನು ಬಿಟ್ಟು ಉಣ್ಣುವುದನ್ನು ಮಾತ್ರ ಉಳಿಸಿಕೊಂಡ. ಗೌಡಿಕೆ ಶಾನುಭೋಗಿಕೆಗಳು ಕೆಲವೇ ಮನೆತನಗಳಲ್ಲಿ ನಿಂತುವು. ತೂಬನ್ನು ತೆರೆದು ಮುಚ್ಚಿ ರಾತ್ರಿಹಗಲು ನೀರನ್ನು ಹಂಚುವ ನೀರುಗಂಟಿಗೆ ಆಯದ ಕಾಳು ಮಾತ್ರ ದೊರೆಯಿತು. ೧೯೫೪ ಮತ್ತು ೧೯೫೫ರ ಇನಾಮು ರದ್ದಿಯಾತಿ ಕಾಯಿದೆಗಳೂ ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯೂ ಈ ಹಳೆಯ ಕಟ್ಟನ್ನು ಬಿಚ್ಚಿದುವು. ಅದು ನ್ಯಾಯವೇ, ಹುಟ್ಟಿನಿಂದ ಬಂದ ಹಕ್ಕನ್ನು ಕಾಪಾಡಲು ಯಾರೂ ವಾದಿಸಲಾರರು. ಆದರೆ ಹಕ್ಕಿನೊಡನೆ ಹೊಣೆಯೂ ಹೋಯಿತು. ಕೆರೆಯು ಸರ್ಕಾರದ್ದಾಯಿತು, ಊರಿನದಾಗಿ ಉಳಿಯಲಿಲ್ಲ. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘವು ಕೆರೆಗಳನ್ನು ಬಳಕೆದಾರರ ಸಂಘಗಳಿಗೆ ಒಪ್ಪಿಸುವ ಕೆಲಸಕ್ಕೆ ಹೊರಟುದು, ಬಿಚ್ಚಿದ ಗಂಟನ್ನು ಬೇರೆ ಬಗೆಯಲ್ಲಿ ಮತ್ತೆ ಕಟ್ಟುವ ಪ್ರಯತ್ನವೆಂದು ತಿಳಿಯಬಹುದು.

ಇಂದಿನ ಸಹಾಯವೇತನವನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಅದಕ್ಕೆ ಕೊಡಗಿಗಿಲ್ಲದ ಒಂದು ದೊಡ್ಡ ಗುಣವುಂಟು: ಅದು ಹುಟ್ಟನ್ನು ಕೇಳುವುದಿಲ್ಲ, ಕಾರ್ಯವನ್ನು ಕೇಳುತ್ತದೆ. ಭಾಗೀರಥಿಯಂಥವಳು ಇಂದು ಬಲಿಯಾಗದೆ ಮುಂದಾಳಾಗಬಹುದು. ನೀರುಗಂಟಿಯ ಮಗಳು ಊರಿನ ಪರವಾಗಿ ಮಾತಾಡಬಹುದು. ಇದನ್ನು ಕಡಮೆಯೆಂದು ಯಾರೂ ಹೇಳಬಾರದು. ಆದರೆ ಕೊಡಗಿಯ ಮೂರು ಗುಣಗಳಲ್ಲಿ ಒಂದೂ ಇದಕ್ಕೆ ಸಹಜವಾಗಿ ಬಂದಿಲ್ಲ. ವೇತನವು ಹೊರಗಿನಿಂದ ಬರುತ್ತದೆ. ಕೆರೆ ತುಂಬಿದರೂ ಬತ್ತಿದರೂ ತಿಂಗಳ ಮೊತ್ತ ಅಷ್ಟೇ. ಎರಡು ಮೂರು ವರ್ಷಗಳಲ್ಲಿ ಅದು ಮುಗಿಯುತ್ತದೆ; ಹೂಳು ಮಾತ್ರ ಆ ಗಡುವಿಗೆ ಕಾಯುವುದಿಲ್ಲ. ಮೂರನೆಯದಾಗಿ, ಅದರ ಲೇಖವು ಊರಿನ ಕಲ್ಲಿನ ಮೇಲಿಲ್ಲ. ಅರ್ಜಿಯೂ ವರದಿಯೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕೊಡುವವರ ಕಚೇರಿಯಲ್ಲಿ ಇರುತ್ತವೆ.

ಈ ಅರ್ಜಿ ವರದಿಗಳೂ ಒಂದು ಬಗೆಯ ಸಾಹಿತ್ಯವೇ ಆದುದರಿಂದ ಅವುಗಳ ರೀತಿಯನ್ನು ಕುರಿತು ಒಂದು ಮಾತು ಹೇಳುವುದು ಅಪ್ರಸ್ತುತವಲ್ಲ. ಶಾಸನವು ಪ್ರಥಮಪುರುಷದಲ್ಲಿ ಮಾತಾಡುತ್ತದೆ: ಇಂಥವನು ಇಂಥ ಕೆರೆಯನ್ನು ಕಟ್ಟಿದ, ಊರವರು ಇಷ್ಟನ್ನು ಬಿಟ್ಟರು. ಅರ್ಜಿಯು ಉತ್ತಮಪುರುಷದಲ್ಲಿ ಮಾತಾಡಬೇಕು: ನಾನು ಇಂಥದನ್ನು ಮಾಡಿದೆ, ಇಂಥದನ್ನು ಮಾಡಬಲ್ಲೆ. ಊರು ಹೇಳಬೇಕಾದುದನ್ನು ಮುಂದಾಳು ತಾನೇ ಹೇಳಿಕೊಳ್ಳಬೇಕಾಗುತ್ತದೆ. ಅಲ್ಲಮನು ಸಿದ್ಧರಾಮನಲ್ಲಿ ಶಂಕಿಸಿದ ದೋಷವನ್ನೇ ಅರ್ಜಿಯ ನಮೂನೆಯು ಒಂದು ನಿಯಮವನ್ನಾಗಿ ಮಾಡಿದೆ. ಇದು ಅರ್ಜಿ ಬರೆಯುವವರ ತಪ್ಪಲ್ಲ, ಪ್ರಕಾರದ ದೋಷ. ಆಯ್ಕೆಯಲ್ಲಿ ಊರಿನ ಸಾಕ್ಷಿಗೆ ಸ್ಥಾನವಿದ್ದು, ಕೊಟ್ಟುದೇನು ಪಡೆದುದೇನು ಎಂಬುದನ್ನು ಊರವರೆದುರಿಗೆ ಕನ್ನಡದಲ್ಲಿ ಓದಿ ಹೇಳಿದರೆ ಈ ದೋಷವು ಬಹುಮಟ್ಟಿಗೆ ನೀಗೀತು. ವೇತನದ ಗಡುವು ಮುಗಿದ ಮೇಲೆ ಕಾರ್ಯದ ಫಲದಲ್ಲಿಯೇ ಒಂದು ಪಾಲು ಅದರ ಪಾಲನೆಗೆ ನಿಲ್ಲುವಂತೆ ಮೊದಲಲ್ಲಿಯೇ ಗೊತ್ತುಮಾಡಿಕೊಂಡರೆ ಬಿತ್ತುವಟ್ಟದ ತತ್ತ್ವವು ವಂಶದ ಕೊಳೆಯಿಲ್ಲದೆ ಮತ್ತೆ ಬಳಕೆಗೆ ಬಂದಂತಾಗುತ್ತದೆ.

ಅಂಥ ಏರ್ಪಾಡನ್ನು ಮಾಡತಕ್ಕವರು ಬೇರೆ. ಸಾಹಿತ್ಯದ ಉಪಾಧ್ಯಾಯರಾದ ನಮ್ಮಿಂದ ಆಗಬೇಕಾದ ಕೆಲಸವು ಸಣ್ಣದು, ಆದರೆ ನಮ್ಮದೇ. ಕೆರೆಗೆ ಹಾರವನ್ನು ಪಾಠ ಹೇಳುವ ದಿನ, ತಮ್ಮ ತಾಲ್ಲೂಕಿನ ಒಂದು ಬಿತ್ತುವಟ್ಟದ ಅಥವಾ ಕೊಡಗಿಯ ಶಾಸನವನ್ನೂ ಮಕ್ಕಳ ಮುಂದಿಡಬೇಕು. ಊರಿಗಾಗಿ ದುಡಿದವನಿಗೆ ಊರು ಏನು ಕೊಟ್ಟಿತೆಂದು ಒಂದು ಹೇಳುತ್ತದೆ. ಏನನ್ನೂ ಕೊಡದಿದ್ದಾಗ ಏನಾಯಿತೆಂದು ಇನ್ನೊಂದು ಹೇಳುತ್ತದೆ. ಚನ್ನಗಿರಿಯ ಉಪಾಧ್ಯಾಯರು ಇವುಗಳ ಜೊತೆಗೆ ಸೂಳೆಕೆರೆಯ ಹಳೆಯ ಹೆಸರಿನ ಕಥೆಯನ್ನೂ ಸಂಕೋಚವಿಲ್ಲದೆ ಹೇಳಲಿ. ಭಾಗೀರಥಿಯನ್ನು ಪೂಜಿಸುವುದನ್ನು ಮಾತ್ರ ಕಲಿತ ಮಕ್ಕಳು ಮುಂದೆ ತಮ್ಮ ಊರಿನಲ್ಲಿಯೂ ಒಬ್ಬ ಭಾಗೀರಥಿಯನ್ನು ಹುಡುಕಿಯಾರು. ಕೊಡಗಿಯ ಲೆಕ್ಕವನ್ನು ಕಲಿತವರಾದರೆ, ಅವಳಿಗೆ ಸಲ್ಲಬೇಕಾದುದೇನೆಂದು ಮೊದಲು ಕೇಳಿಯಾರು.